ಆಪ್ಟಿಕಲ್ ಫೈಬರ್‌ನಿಂದ ಮೀಥೇನ್ ಪತ್ತೆ: ಗಣಿಯೊಳಗೆ ಕರೆಂಟೇ ಬೇಡವಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಕಲ್ಲಿದ್ದಲು ಗಣಿಯ ಸುರಕ್ಷತಾ ವಿಭಾಗದಲ್ಲಿದ್ದೇನೆ. ಮೀಥೇನ್ ಅಳೆಯಲು ಈಗ ಬಿಸಿ ಮಣಿಯ ಸೆನ್ಸರ್ ಬಳಸುತ್ತೇವೆ. ಆಪ್ಟಿಕಲ್ ಫೈಬರ್ ಹಾಕಿದರೆ ಕೆಳಗೆ ಕರೆಂಟೇ ಬೇಡ ಅಂತಾರೆ. ನಿಜವಾ? ಗಾಜಿನ ಎಳೆಗೆ ಗ್ಯಾಸ್ ಇರೋದು ಹೇಗೆ ಗೊತ್ತಾಗುತ್ತೆ?

ಉತ್ತರ: ನಿಜ ಸರ್, ಅಳೆಯುವ ಜಾಗಕ್ಕೆ ಕರೆಂಟ್ ಬೇಡ. ಲೇಸರ್, ಡಿಟೆಕ್ಟರ್ ಎರಡೂ ಮೇಲೆ ಕಂಟ್ರೋಲ್ ರೂಮಿನಲ್ಲಿರುತ್ತವೆ. ಬೆಳಕು ಫೈಬರ್‌ನಲ್ಲಿ ಕೆಳಗಿಳಿದು, ಗಾಳಿಯಾಡುವ ಪುಟ್ಟ ಡಬ್ಬಿಯೊಂದನ್ನು ದಾಟಿ, ಇನ್ನೊಂದು ಫೈಬರ್ ಹಿಡಿದು ವಾಪಸ್ ಬರುತ್ತದೆ. ಮೀಥೇನ್ ಸುಮಾರು 1653.7 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಹೀರುತ್ತದೆ. ಹೀಗೆ ಹೀರುವ ತರಂಗಾಂತರಕ್ಕೆ ಗೆರೆ ಅನ್ನುತ್ತಾರೆ. ಲೇಸರಿನ ತರಂಗಾಂತರವನ್ನು ಆ ಗೆರೆಯ ಆಚೆ ಈಚೆ ಸರಿಸುತ್ತಾ ಇರುತ್ತಾರೆ. ಗೆರೆಯ ಮೇಲೆ ಬೆಳಕು ಎಷ್ಟು ಕುಗ್ಗಿತು ಅನ್ನುವುದರಿಂದ ಗ್ಯಾಸಿನ ಪ್ರಮಾಣ ಸಿಗುತ್ತದೆ. 3.3 ಮೈಕ್ರೊಮೀಟರ್ ಹತ್ತಿರ ಮೀಥೇನ್ ಇನ್ನೂ ಜಾಸ್ತಿ ಹೀರುತ್ತದೆ. ಆದರೆ ಮಾಮೂಲಿ ಸಿಲಿಕಾ ಫೈಬರ್‌ನಲ್ಲಿ ಆ ಬೆಳಕು ದೂರ ಹೋಗುವುದಿಲ್ಲ.

ನಿಮ್ಮ ಮಣಿ ಸೆನ್ಸರ್ ಗ್ಯಾಸನ್ನು ಉರಿಸಿ ಅಳೆಯುತ್ತದೆ. ಆಮ್ಲಜನಕ ಕಡಿಮೆ ಇದ್ದರೆ ತಪ್ಪು ತೋರಿಸುತ್ತದೆ. ಸಿಲಿಕೋನ್ ಆವಿ ತಾಗಿದರೆ ಸದ್ದಿಲ್ಲದೆ ಕೆಡುತ್ತದೆ, ಕೆಟ್ಟಮೇಲೂ ಸೊನ್ನೆ ತೋರಿಸುತ್ತಾ ಕೂರುತ್ತದೆ. ಗಾಳಿಯಲ್ಲಿ ಶೇಕಡ 5ರಿಂದ 15ರಷ್ಟು ಮೀಥೇನ್ ಸೇರಿದರೆ ಒಂದು ಕಿಡಿ ಸಾಕು. ಅಂಥ ಕಡೆ ಸುಳ್ಳು ಸೊನ್ನೆ ಜೀವಕ್ಕೇ ಕುತ್ತು. ಫೈಬರ್ ತುಂಡಾದರೆ ಬೆಳಕೇ ವಾಪಸ್ ಬರುವುದಿಲ್ಲ, ಕೂಡಲೇ ಗೊತ್ತಾಗುತ್ತದೆ. ನಾನು ಫೈಬರ್ ಪರ ಮಾತಾಡುವುದು ಮುಖ್ಯವಾಗಿ ಇದಕ್ಕೇ.

ಪ್ರಶ್ನೆ: ಧೂಳು ಕೂತರೂ ಬೆಳಕು ಕಡಿಮೆಯಾಗುತ್ತೆ ಅಲ್ವಾ ಮೇಡಂ? ಅದನ್ನೇ ಗ್ಯಾಸ್ ಅಂತ ತೋರಿಸಿದರೆ?

ಉತ್ತರ: ಒಳ್ಳೆಯ ಪ್ರಶ್ನೆ. ಧೂಳು ಅಕ್ಕಪಕ್ಕದ ತರಂಗಾಂತರಗಳನ್ನೆಲ್ಲ ಒಂದೇ ಸಮ ತಗ್ಗಿಸುತ್ತದೆ. ಮೀಥೇನ್ ತನ್ನ ಗೆರೆಯನ್ನು ಮಾತ್ರ. ಹೋಲಿಸಿ ನೋಡಿದರೆ ಬೇರೆ ಮಾಡಬಹುದು. ನನಗೆ ಹೆಚ್ಚು ಭಯ ಇರುವುದು ಡಬ್ಬಿಯ ಫಿಲ್ಟರ್ ಬಗ್ಗೆ. ಅದು ಧೂಳಿನಿಂದ ಕಟ್ಟಿಕೊಂಡರೆ ಗ್ಯಾಸ್ ಒಳಗೇ ಹೋಗುವುದಿಲ್ಲ, ಬೆಳಕು ಮಾತ್ರ ಚೆನ್ನಾಗಿಯೇ ಬರುತ್ತಿರುತ್ತದೆ. ಇಲ್ಲೂ ಸುಳ್ಳು ಸೊನ್ನೆ ಬರಬಹುದು. ಹಾಗಾಗಿ ಪ್ರಮಾಣ ಗೊತ್ತಿರುವ ಗ್ಯಾಸನ್ನು ಫಿಲ್ಟರ್ ಹೊರಗಿನಿಂದ ಬಿಟ್ಟು ಆಗಾಗ ಪರೀಕ್ಷಿಸಲೇಬೇಕು.

ಇನ್ನೊಬ್ಬರ ಪ್ರಶ್ನೆ: ನಮ್ಮದು ಬ್ಯಾಟರಿ ರೂಮ್. ಹೈಡ್ರೋಜನ್‌ಗೂ ಇದೇ ಸಾಕಾ?

ಉತ್ತರ: ಸಾಲದು. ಹೈಡ್ರೋಜನ್ ಈ ಬೆಳಕನ್ನು ಹೀರುವುದೇ ಇಲ್ಲ ಅನ್ನಬಹುದು. ಅದಕ್ಕೆ ಪಲ್ಲಾಡಿಯಂ ಲೋಹ ಲೇಪಿಸಿದ ಫೈಬರ್ ಬ್ರ್ಯಾಗ್ ಗ್ರೇಟಿಂಗ್ ನೋಡಿ. ಗ್ರೇಟಿಂಗ್ ಅಂದರೆ ಒಂದೇ ತರಂಗಾಂತರದ ಬೆಳಕನ್ನು ವಾಪಸ್ ಪ್ರತಿಫಲಿಸುವ ಹಾಗೆ ಮಾಡಿದ ಫೈಬರ್ ತುಣುಕು. ಪಲ್ಲಾಡಿಯಂ ಹೈಡ್ರೋಜನ್ ಹೀರಿ ಉಬ್ಬುತ್ತದೆ, ಫೈಬರನ್ನು ಎಳೆಯುತ್ತದೆ. ಆಗ ಪ್ರತಿಫಲಿಸುವ ಬೆಳಕಿನ ತರಂಗಾಂತರ ಸರಿಯುತ್ತದೆ. ರೂಮ್ ಬಿಸಿಯಾದರೂ ಅದು ಸರಿಯುತ್ತದೆ. ಲೇಪವಿಲ್ಲದ ಗ್ರೇಟಿಂಗ್ ಬಿಸಿಗೆ ಸರಿದರೂ ಹೈಡ್ರೋಜನ್‌ಗೆ ಸರಿಯುವುದಿಲ್ಲ, ಎರಡನ್ನೂ ಹೋಲಿಸಿ ಬಿಸಿಯ ಪಾಲನ್ನು ಕಳೆಯಬಹುದು. ಹಾಗಾಗಿ ಪಕ್ಕದಲ್ಲೇ ಅಂಥ ಇನ್ನೊಂದು ಗ್ರೇಟಿಂಗ್ ಇದೆಯಾ ಅಂತ ಕೊಳ್ಳುವ ಮೊದಲೇ ಕೇಳಿ.