ದಂಡ ಹಾಕಿದ ಮೇಲೆ ಬೆರಕೆ ಕಸ ಹೆಚ್ಚಾಗಿದೆ, ಏಕೆ?

ಪ್ರಶ್ನೆ – ಜಯನಗರ ನಿವಾಸಿ
ನಮ್ಮ ವಸತಿ ಸಮುಚ್ಚಯದಲ್ಲಿ 48 ಮನೆಗಳಿವೆ. ಹಸಿ ಕಸ, ಒಣ ಕಸ ಮತ್ತು ಸ್ಯಾನಿಟರಿ ಕಸವನ್ನು ಬೇರ್ಪಡಿಸಿ ಕೊಡದವರಿಗೆ ಸಂಘವು ಕಳೆದ ವರ್ಷದಿಂದ 200 ರೂಪಾಯಿ ದಂಡ ವಿಧಿಸುತ್ತಿದೆ. ಮೊದಲು ತಪ್ಪಿದಾಗ ಸಂಕೋಚಪಡುತ್ತಿದ್ದ ಕೆಲವರು ಈಗ ನಿರ್ವಹಣಾ ಶುಲ್ಕದ ಜೊತೆಗೇ ಆ ಹಣವನ್ನೂ ಕಟ್ಟಿ, ಬೆರಕೆ ಕಸವನ್ನು ನಿಶ್ಚಿಂತೆಯಿಂದ ಬಾಗಿಲಲ್ಲಿ ಇಡುತ್ತಿದ್ದಾರೆ. ದಂಡವನ್ನು ಹೆಚ್ಚಿಸಬೇಕೇ?

ಉತ್ತರ 1 – ಅರ್ಥಶಾಸ್ತ್ರದ ಅಧ್ಯಾಪಕ
ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ಇದೇ ಆಗಿತ್ತು. ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ ದಂಡ ಹಾಕಿದಾಗ ತಡವಾಗಿ ಬರುವವರು ಹೆಚ್ಚಾದರು. ದಂಡವನ್ನು ತೆಗೆದ ಮೇಲೂ ಹಳೆಯ ಶಿಸ್ತು ಮರಳಲಿಲ್ಲ. ಗ್ನೀಜಿ ಮತ್ತು ರಸ್ಟಿಕಿನಿ ಎಂಬ ಅರ್ಥಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದ ಅಧ್ಯಯನವಿದು. ಶಿಕ್ಷಕಿಯನ್ನು ಕಾಯಿಸಿದೆನೆಂಬ ಅಳುಕು ಇದ್ದ ಜಾಗಕ್ಕೆ ಹಣ ಬಂದು ಕೂತಾಗ, ದಂಡವು ಸೇವೆಯೊಂದರ ಬೆಲೆಯಂತೆ ಕಂಡಿತೆಂದು ಅವರು ವಿವರಿಸುತ್ತಾರೆ. ನಿಮ್ಮಲ್ಲಿಯೂ ಅಳುಕೇ ಕೆಲಸ ಮಾಡುತ್ತಿತ್ತೆಂದು ನನಗನ್ನಿಸುತ್ತದೆ.

ಉತ್ತರ 2 – ವಿಜಯನಗರ
ಹಾಗೆಂದು ದಂಡವೇ ಬೇಡವೆಂದರೆ ನಾನು ಒಪ್ಪಲಾರೆ. ಹೆಲ್ಮೆಟ್ ನಮ್ಮ ತಲೆಗೇರಿದ್ದು ಪೊಲೀಸರ ಭಯದಿಂದಲೇ. ಆದರೂ 2023ರ ಫೆಬ್ರುವರಿಯಲ್ಲಿ ಸಂಚಾರ ದಂಡದ ಬಾಕಿಗೆ ಶೇ 50 ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಯಿತು. ಅಷ್ಟು ಬಾಕಿ ಉಳಿದಿತ್ತೆಂಬುದೇ ದಂಡದ ಬಲ ಎಷ್ಟೆಂಬುದನ್ನು ಹೇಳುತ್ತದೆ.

ಉತ್ತರ 3 – ವಾರ್ಡಿನ ಸ್ವಯಂಸೇವಕಿ
ತಪ್ಪಿದವರೆಲ್ಲರ ಕಾರಣವೂ ಒಂದೇ ಎಂದು ಭಾವಿಸಬೇಡಿ. ಆಸ್ಟ್ರೇಲಿಯಾದ ವಿದ್ವಾಂಸೆ ವ್ಯಾಲೆರಿ ಬ್ರೈತ್‌ವೇಟ್ ತೆರಿಗೆದಾರರನ್ನು ಗಮನಿಸಿ, ಮನಸಾರೆ ಒಪ್ಪುವವರು, ಸುಮ್ಮನೆ ತಲೆಬಾಗುವವರು, ಪ್ರತಿರೋಧಿಸುವವರು, ದೂರ ಸರಿದವರು, ಕಾನೂನಿನ ಸಂದು ಹುಡುಕುವವರು ಎಂದು ಐದು ಮನೋಭಾವಗಳನ್ನು ಗುರುತಿಸಿದ್ದಾರೆ. ನಮ್ಮ ಬೀದಿಯಲ್ಲಿ ವರ್ಷಗಟ್ಟಲೆ ಶ್ರದ್ಧೆಯಿಂದ ಕಸ ಬೇರ್ಪಡಿಸುತ್ತಿದ್ದ ಹಿರಿಯರೊಬ್ಬರು, ಎರಡೂ ಬಕೆಟ್ಟುಗಳನ್ನು ಗಾಡಿಯ ಒಂದೇ ತೊಟ್ಟಿಗೆ ಸುರಿದುದನ್ನು ಕಂಡ ದಿನವೇ ಕೈಬಿಟ್ಟರು. ಅವರನ್ನು ಸೋಮಾರಿಗಳ ಸಾಲಿಗೆ ಸೇರಿಸಿ ದಂಡ ಹಾಕುವುದು ಅನ್ಯಾಯ, ಏಕೆಂದರೆ ಅವರು ಕಳೆದುಕೊಂಡದ್ದು ವ್ಯವಸ್ಥೆಯ ಮೇಲಿನ ನಂಬಿಕೆಯನ್ನು. ಗಾಡಿಯಲ್ಲಿ ಎರಡು ಭಾಗಗಳಾದ ಮೇಲೆ ನಾವೇ ಅವರನ್ನು ಕರೆದು ತೋರಿಸಿದೆವು. ಮರುವಾರದಿಂದ ಅವರ ಮನೆಯ ಹಸಿ ಕಸ ಮತ್ತೆ ಬೇರೆಯಾಗಿ ಬಂತು. ಮಳೆನೀರು ಸಂಗ್ರಹದಲ್ಲೂ ಇದನ್ನೇ ಕಂಡಿದ್ದೇನೆ: ಅದನ್ನು ಕಡ್ಡಾಯಗೊಳಿಸಿದ, ಬೆಂಗಳೂರು ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಗೆ ತಲೆಬಾಗಿ ಗುಂಡಿ ತೋಡಿ ಮರೆತಿದ್ದ ನೆರೆಯವರು, 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದಾಗ ತಾವಾಗಿಯೇ ಆ ಗುಂಡಿಯ ಹೂಳೆತ್ತಿಸಿದರು.

ಪ್ರಶ್ನೆ ಕೇಳಿದವರು
ತಮ್ಮೆಲ್ಲರಿಗೂ ಧನ್ಯವಾದ. ಬೆರಕೆ ಕಸ ಇಡುವ 11 ಮನೆಗಳಿಗೆ ನಾವು ರಸೀದಿ ಕಳುಹಿಸಿದ್ದೇವೆಯೇ ಹೊರತು ಕಾರಣವನ್ನು ಒಮ್ಮೆಯೂ ಕೇಳಿಲ್ಲ. ಈ ಭಾನುವಾರ ಅವರ ಮನೆಗಳಿಗೆ ಹೋಗುತ್ತೇನೆ. ಆ ಕಸವನ್ನು ಕೈಯಿಂದ ಬಿಡಿಸುವ ಪೌರಕಾರ್ಮಿಕ ಮಹಿಳೆ ಒಪ್ಪಿದರೆ, ಅವರ ಮಾತನ್ನು ಸಂಘದ ಮುಂದಿನ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಕೇಳುತ್ತೇವೆ.