ಶಾಲೆಯಲ್ಲಿ ತಂಟೆಯೇ ಇಲ್ಲದ ಹುಡುಗಿ, ಮನೆಗೆ ಬಂದರೆ ರಂಪ: ಇದು ಆಟಿಸಂ ಇರಬಹುದಾ?

ಅಂಚಿನಟಿಪ್ಪಣಿ:
11 ವರ್ಷದ ಹುಡುಗಿ. ಮಾತು ಸರಿಯಾದ ವಯಸ್ಸಿಗೇ ಬಂದಿದೆ, ಮುಖ ನೋಡಿ ಮಾತಾಡ್ತಾಳೆ, ಒಬ್ಬಳು ಗೆಳತಿಯೂ ಇದ್ದಾಳೆ. ಮನೆ ಸೇರಿದ ಅರ್ಧ ಗಂಟೆಯೊಳಗೆ ಮಾತ್ರ ಬ್ಯಾಗ್ ಎಸೆದು, ಬಾಗಿಲು ಹಾಕ್ಕೊಂಡು ಅಳು. ಟೀಚರ್ ತುಂಬಿದ ಸ್ಕ್ರೀನಿಂಗ್ ಫಾರ್ಮಿನಲ್ಲಿ ಅಂಕ ಕಡಿಮೆ ಬಂದಿದೆ. ಆಟಿಸಂ ಅಲ್ಲ ಅಂತ ಬಿಡಬಹುದಾ? ಅಸೆಸ್‌ಮೆಂಟ್‌ಗೆ ಹೋಗೋದಾದರೆ ಏನು ಹಿಡ್ಕೊಂಡು ಹೋಗಬೇಕು?

ಮೈದಾನದಮೂಲೆ:
ಬಿಡಬೇಡಿ. ಟೀಚರ್ ಬರೆಯೋದು ತರಗತಿಯಲ್ಲಿ ಕಣ್ಣಿಗೆ ಬಿದ್ದದ್ದನ್ನ. ಇಂಥ ಮಕ್ಕಳು ದಿನವಿಡೀ ಬಚ್ಚಿಡೋದೂ ಅದನ್ನೇ. ಮಾಸ್ಕಿಂಗ್ ಅನ್ನೋದು ಇದಕ್ಕೇ. ಮುಖ ನೋಡ್ತಾಳೆ ಅಂದ್ರಿ, ಆದ್ರೆ ಕಣ್ಣಿನ ಬದಲು ಹುಬ್ಬುಗಳ ನಡುವೆ ನೋಡೋದನ್ನ ಕಲಿತುಕೊಂಡವರಿದ್ದಾರೆ. ಎಲ್ಲರೂ ನಕ್ಕ ಅರೆಕ್ಷಣ ತಡವಾಗಿ ನಗ್ತಾಳಾ? ಗೆಳತಿಯ ದನಿ, ಕೈ ಆಡಿಸೋ ರೀತಿ ಹಾಗೇ ಇಳಿಸ್ಕೊಂಡಿದ್ದಾಳಾ? ಎಲ್ಲಕ್ಕಿಂತ ಮುಖ್ಯ, ಆ ಗೆಳತಿ ರಜೆ ಹಾಕಿದ ದಿನ ಬಿಡುವಿನಲ್ಲಿ ಇವಳು ಎಲ್ಲಿರ್ತಾಳೆ? ಮೈದಾನದಲ್ಲಿ ಒಂಟಿಯಾಗಿ ನಿಂತ ಹುಡುಗ ಥಟ್ಟನೆ ಕಾಣ್ತಾನೆ. ಹುಡುಗಿ ಗುಂಪಿನ ಅಂಚಲ್ಲೇ ಸುಳಿದಾಡ್ತಿದ್ರೆ ದೂರದಿಂದ ಆಟದಲ್ಲೇ ಇದ್ದ ಹಾಗೆ ತೋರುತ್ತೆ.

ಆಸಕ್ತಿಗಳ ವಿಷಯಕ್ಕೆ ಬಂದರೆ, ಆಟಿಸಂ ಅಂದಾಕ್ಷಣ ನೆನಪಾಗೋ ರೈಲಿನ ವೇಳಾಪಟ್ಟಿಯಂಥ ವಿಚಿತ್ರ ಹುಚ್ಚನ್ನ ಹುಡುಕ್ತಾ ಕೂರಬೇಡಿ. ನಾಯಿ, ಕಥೆಪುಸ್ತಕ, ಗಾಯಕಿ, ಎಲ್ಲ ಮಾಮೂಲಿಯೇ ಇರಬಹುದು. ನೋಡಬೇಕಾದ್ದು ಅದರಲ್ಲಿ ಮುಳುಗೋ ಆಳ. ಆಟಿಸಂ ಇರೋ ಕೆಲವು ಮಕ್ಕಳು ಮತ್ತೆ ಮತ್ತೆ ಕೈ ಬೀಸ್ತಾರಲ್ಲ, ಅದರ ಬದಲು ಇವಳು ಅಂಗಿಯ ತೋಳಿನೊಳಗೆ, ಯಾರಿಗೂ ಕಾಣದ ಹಾಗೆ, ಉಗುರಿನ ಬುಡ ಕೀಳ್ತಿರಬಹುದು.

ನಾಲ್ಕುಕಾಲಂ:
ಎರಡು ವಾರ ಡೈರಿ ಬರೀರಿ: ರಂಪ ಶುರುವಾದ ಸಮಯ, ಅದಕ್ಕೆ ಮುಂಚೆ ನಡೆದದ್ದು, ಕಂಡದ್ದು, ಶಾಂತವಾಗೋಕೆ ಹಿಡಿದ ನಿಮಿಷ. ಭಾನುವಾರಗಳನ್ನೂ ಸೇರಿಸಿ, ಇಲ್ಲಾಂದ್ರೆ ಹೋಲಿಸೋಕೆ ಏನೂ ಇರಲ್ಲ. ಐದು ವರ್ಷಕ್ಕೆ ಮುಂಚಿನ ವಿಡಿಯೋ ಇದ್ದರೆ ತಗೊಂಡು ಹೋಗಿ, ಅದರಲ್ಲೂ ಬೇರೆ ಮಕ್ಕಳ ಜೊತೆ ಆಡಿದ್ದು. ಗೊಂಬೆಗಳನ್ನ ಚಂದ ಜೋಡಿಸಿ, ಆಟ ಶುರುವಾಗೋದೇ ಇಲ್ಲ ಅನ್ನೋದು ಅಲ್ಲಿ ಸಿಗುತ್ತೆ. ಆದ್ರೆ ಈಗ ಅವಳು ಅಳೋದನ್ನ ಚಿತ್ರೀಕರಿಸೋಕೆ ಹೋಗಬೇಡಿ.

"ಗೆಳತಿ ಇದ್ದಾಳಾ?" ಅಂತ ಕೇಳಿ ಟಿಕ್ ಹಾಕೋ ಸೈಕಾಲಜಿಸ್ಟ್ ಸಾಲದು. "ಜಗಳ ಆದ್ಮೇಲೆ ಹೇಗೆ ರಾಜಿ ಆಗ್ತೀಯಾ?" ಅಂತ ಕೇಳಬೇಕು. ಮಾನಸಿಕ ತೊಂದರೆಗಳನ್ನ ಗುರುತಿಸೋಕೆ ವೈದ್ಯರು ಬಳಸೋ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5ರಲ್ಲೇ ಇದೆ: ಲಕ್ಷಣಗಳು ಎಳವೆಯಿಂದ ಇರಬೇಕು, ಆದರೆ ಕಲಿತ ತಂತ್ರಗಳ ಹಿಂದೆ ಮರೆಯಾಗಿರಬಹುದು.

ಎರಡನೇಓದು:
ಒಂದು ತಕರಾರು. ಶಾಲೆ ಬಿಟ್ಟ ಮೇಲಿನ ಅಳು ಆತಂಕದಿಂದಲೂ, ಎಡಿಎಚ್‌ಡಿಯಿಂದಲೂ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ), ಯಾರೋ ಪೀಡಿಸ್ತಿದ್ರೂ ಬರುತ್ತೆ. ಹುಡುಗರೂ ಮಾಸ್ಕ್ ಮಾಡ್ತಾರೆ. ಅದೇ ಡಿಎಸ್‌ಎಂನಲ್ಲಿ ಸಾಮಾಜಿಕ ಸಂವಹನದ ಮೂರೂ ಅಂಶ, ಪುನರಾವರ್ತನೆ ಗುಂಪಿನ (ಒಂದನ್ನೇ ಮತ್ತೆ ಮತ್ತೆ ಮಾಡೋದು, ಬದಲಾವಣೆ ಒಗ್ಗದಿರೋದು, ಒಂದೇ ಆಸಕ್ತಿಯಲ್ಲಿ ಮುಳುಗೋದು, ಸದ್ದು-ಸ್ಪರ್ಶದ ಕಿರಿಕಿರಿಯಂಥವು) ನಾಲ್ಕರಲ್ಲಿ ಕನಿಷ್ಠ ಎರಡು ಬೇಕು. ಹುಡುಗಿಯರ ವಿಷಯದಲ್ಲಿ ಕೈಜಾರೋದು ಹೆಚ್ಚಾಗಿ ಈ ಎರಡನೇ ಗುಂಪೇ. ಅದಕ್ಕೆ ಅವಳನ್ನ ಬಿಡಿಸಿ ಕೇಳಿ: ಕಾಲುಚೀಲದ ಹೊಲಿಗೆ, ಮಿಕ್ಸಿ ಸದ್ದು ತಡೆಯೋಕಾಗಲ್ವಾ, ತಿನ್ನೋದು ನಾಲ್ಕೇ ಬಗೆಯಾ, ಹೇಳದೆ ದಾರಿ ಬದಲಾದರೆ ಕಷ್ಟವಾ. ನೆಟ್‌ನಲ್ಲಿ ಸಿಗೋ 25 ಪ್ರಶ್ನೆಗಳ ಕ್ಯಾಟ್-ಕ್ಯೂ ಅನ್ನೋ ಪ್ರಶ್ನಾವಳಿ ಮಾಸ್ಕಿಂಗ್ ಅಳೆಯುತ್ತೆ, ಆಟಿಸಂ ಪತ್ತೆಹಚ್ಚಲ್ಲ. ಅದು ದೊಡ್ಡವರಿಗೆ ಮಾಡಿದ್ದು.

ಅಂಚಿನಟಿಪ್ಪಣಿ:
ಥ್ಯಾಂಕ್ಸ್. ಅಲ್ಲೀವರೆಗೆ ಸಂಜೆ ಏನು ಮಾಡೋದು?

ನಾಲ್ಕುಕಾಲಂ:
ಮನೆಗೆ ಬಂದ ಮೊದಲ ಮುಕ್ಕಾಲು ಗಂಟೆ "ಇವತ್ತು ಹೇಗಿತ್ತು?" ಅಂತ ಕೇಳಬೇಡಿ. ಮಂದ ಬೆಳಕು, ಗೊತ್ತಿರೋ ತಿಂಡಿ, ಸಡಿಲ ಬಟ್ಟೆ ಸಾಕು. ಟ್ಯೂಷನ್ ಆ ಹೊತ್ತಿಗೇ ಇದ್ದರೆ ಸಮಯ ಬದಲಿಸಿ, ಆ ಬದಲಾವಣೆಯನ್ನ ಹಿಂದಿನ ದಿನವೇ ಅವಳಿಗೆ ತಿಳಿಸಿ.