ಜೆವಿಪಿ ಕಾಣೋದೇ ಇಲ್ಲ, ಕಂಡ್ರೂ ಅದು ಕ್ಯಾರೋಟಿಡ್ಡೋ ಏನೋ ಗೊತ್ತಾಗಲ್ಲ

ಪ್ರಶ್ನೆ:
ಹೃದಯದ ಪರೀಕ್ಷೆಯಲ್ಲಿ ನಾಡಿ, ಬಿಪಿ, ಏಪೆಕ್ಸ್ ಬೀಟ್ (ಎದೆಯ ಮೇಲೆ ಕೈಗೆ ಸಿಗುವ ಹೃದಯದ ಬಡಿತ) ಯಾವುದಕ್ಕೂ ತೊಂದರೆ ಇಲ್ಲ. ಕತ್ತಿನಲ್ಲಿ ಜೆವಿಪಿ (ಜುಗುಲರ್ ಅಭಿಧಮನಿಯ ಒತ್ತಡ) ನೋಡೋಕೆ ಹೋದರೆ ಮಾತ್ರ ಗೊಂದಲ. 45 ಡಿಗ್ರಿಗೆ ಒರಗಿಸಿ, ತಲೆ ಎಡಕ್ಕೆ ತಿರುಗಿಸಿದರೂ ಕೆಲವರಲ್ಲಿ ಏನೂ ಕಾಣಲ್ಲ. ಇನ್ನು ಕೆಲವರಲ್ಲಿ ಏನೋ ಮಿಡಿಯುತ್ತೆ, ಅದು ಅಭಿಧಮನಿಯದೋ, ತಲೆಗೆ ರಕ್ತ ಒಯ್ಯುವ ಅಪಧಮನಿಯಾದ ಕ್ಯಾರೋಟಿಡ್‌ನದೋ ಹೇಳೋಕಾಗಲ್ಲ. ಅಳತೆ ಎಲ್ಲಿಂದ ಎಲ್ಲಿಗೆ?

ಉತ್ತರ 1:
ಮೊದಲು ದಿಂಬು ನೋಡಿ. ತಲೆಗೆ ಪೂರ್ತಿ ಆಸರೆ ಸಿಗದಿದ್ದರೆ ಕತ್ತಿನ ಪಕ್ಕದ ಸ್ಟರ್ನೊಮಾಸ್ಟಾಯ್ಡ್ ಸ್ನಾಯು ಬಿಗಿಯಾಗುತ್ತೆ. ಜುಗುಲರ್ ಅದರ ಅಡಿಯಲ್ಲೇ ಇರೋದರಿಂದ ಅಲ್ಲಿಗೆ ಎಲ್ಲಾ ಮುಚ್ಚಿಹೋಯ್ತು. ತಲೆಯನ್ನು ತುಂಬ ತಿರುಗಿಸಿದರೂ ಇದೇ ಕಥೆ. ಸ್ವಲ್ಪ ತಿರುಗಿಸಿದರೆ ಸಾಕು.

ಟಾರ್ಚನ್ನು ಕತ್ತಿಗೆ ನೇರವಾಗಿ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ. ಹಗ್ಗದ ಹಾಗೆ ಉಬ್ಬಿದ ನಾಳವನ್ನು ಹುಡುಕಬೇಡಿ. ಒಳಗಿನ ಜುಗುಲರ್ ಹಾಗೆ ಕಾಣಲ್ಲ. ಬಲಗಡೆ ಕ್ಲ್ಯಾವಿಕಲ್‌ನಿಂದ (ಕೊರಳೆಲುಬು) ಕಿವಿಹಾಲೆಯವರೆಗೆ ಚರ್ಮ ಏರಿಳಿಯುವಾಗ ನೆರಳು ಅಲ್ಲಾಡುತ್ತೆ, ಅದನ್ನು ನೋಡಬೇಕು.

ಕ್ಯಾರೋಟಿಡ್ ಒಂದೇ ಏಟಿಗೆ ಹೊರಕ್ಕೆ ಒದೆಯುತ್ತೆ. ಅಭಿಧಮನಿ ಪ್ರತಿ ಬಡಿತಕ್ಕೆ ಎರಡು ಸಲ ಮೆಲ್ಲಗೆ ಅಲುಗುತ್ತೆ, ಒಳಕ್ಕೆ ಕುಸಿಯುವುದೇ ಕಣ್ಣಿಗೆ ಹೆಚ್ಚು ಬೀಳುತ್ತೆ. ಅನುಮಾನ ಬಂದರೆ ಕ್ಲ್ಯಾವಿಕಲ್‌ನ ಸ್ವಲ್ಪ ಮೇಲೆ ಬೆರಳಿಟ್ಟು ಹಗುರವಾಗಿ ಒತ್ತಿ. ಅಭಿಧಮನಿಯ ಮಿಡಿತ ನಿಂತುಹೋಗುತ್ತೆ, ಕ್ಯಾರೋಟಿಡ್ ಬೆರಳಿಗೆ ಬಡೀತಾನೇ ಇರುತ್ತೆ. ಉಸಿರು ಒಳಗೆಳೆದಾಗಲೂ ಎದ್ದು ಕೂತಾಗಲೂ ಅಭಿಧಮನಿಯದು ಇಳಿಯಬೇಕು. ಬಲ ಹೃತ್ಕರ್ಣ-ಹೃತ್ಕುಕ್ಷಿಗಳ ನಡುವಿನ ಟ್ರೈಕಸ್ಪಿಡ್ ಕವಾಟ ಜೋರಾಗಿ ಸೋರುತ್ತಿದ್ದರೆ ಮಾತ್ರ ದೊಡ್ಡ ವಿ ಅಲೆ (ಹೃತ್ಕರ್ಣ ತುಂಬುವಾಗಿನ ಏರು) ಎದ್ದು ಕ್ಯಾರೋಟಿಡ್ ಥರವೇ ಕಾಣುತ್ತೆ, ಅಲ್ಲಿ ಈ ಒತ್ತುವ ಪರೀಕ್ಷೆಯನ್ನು ಬಿಡಲೇಬೇಡಿ.

ಉತ್ತರ 2:
ಅಳತೆ ಬಗ್ಗೆ. ಗಂಟಲಗುಳಿಯಿಂದ ಬೆರಳನ್ನು ಎದೆಮೂಳೆಯ ಮೇಲೆ ಕೆಳಕ್ಕೆ ಜಾರಿಸಿ, ಸುಮಾರು 5 ಸೆಂ.ಮೀ. ಕೆಳಗೆ ಒಂದು ಅಡ್ಡ ಏಣು ಸಿಗುತ್ತೆ. ಎರಡನೇ ಪಕ್ಕೆಲುಬು ಸೇರುವ ಜಾಗ ಅದು, ಅದೇ ಸ್ಟರ್ನಲ್ ಆ್ಯಂಗಲ್. ಅಲ್ಲಿ ಒಂದು ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ. ಮಿಡಿತದ ತುದಿಯಿಂದ ಇನ್ನೊಂದು ಸ್ಕೇಲನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು ಇದಕ್ಕೆ ತಾಗಿಸಿ. ತಾಗಿದ ಎತ್ತರ 3 ಸೆಂ.ಮೀ. ದಾಟಿದರೆ ಏರಿದೆ ಎಂದರ್ಥ (ಕೆಲವು ಪಠ್ಯಗಳಲ್ಲಿ 4). ಬಹಳ ಜನ ಕತ್ತಿನ ಇಳಿಜಾರಿನ ಉದ್ದಕ್ಕೇ ಅಳೀತಾರೆ, ಅದು ತಪ್ಪು.

ಇದಕ್ಕೆ 5 ಕೂಡಿಸಿ ಬಲ ಹೃತ್ಕರ್ಣದ ಒತ್ತಡ ಅಂತ ಬರೆಯೋದು ರೂಢಿ. ಆದರೆ ಒರಗಿ ಕೂತಾಗ ಹೃತ್ಕರ್ಣಕ್ಕೂ ಆ್ಯಂಗಲ್‌ಗೂ ಇರುವ ಅಂತರ 5ಕ್ಕಿಂತ ಹೆಚ್ಚೇ. ಹಾಗಾಗಿ ಕೇಸ್ ಶೀಟಲ್ಲಿ "ಆ್ಯಂಗಲ್‌ನಿಂದ ಇಷ್ಟು ಸೆಂ.ಮೀ. ಮೇಲೆ, ಇಷ್ಟು ಡಿಗ್ರಿಯಲ್ಲಿ" ಅಂತ ಬರೆಯೋದೇ ಸರಿ.

"ಕಾಣಲಿಲ್ಲ" ಅಂದರೆ "ನಾರ್ಮಲ್" ಅಲ್ಲ, ದಯವಿಟ್ಟು ಇದನ್ನು ಮರೀಬೇಡಿ. ತುದಿ ಕ್ಲ್ಯಾವಿಕಲ್‌ನ ಹಿಂದೆ ಅಡಗಿರಬಹುದು, ಆಗ 30 ಡಿಗ್ರಿಗೆ ಇಳಿಸಿ, ಬೇಕಾದರೆ ಪೂರ್ತಿ ಮಲಗಿಸಿ ನೋಡಿ. ಇಲ್ಲವೇ ದವಡೆಗಿಂತ ಮೇಲೆ ಹೋಗಿರಬಹುದು. ಆಗ 90 ಡಿಗ್ರಿಗೆ ಕೂರಿಸಿ ಕಿವಿಹಾಲೆ ಅಲ್ಲಾಡುತ್ತಾ ನೋಡಿ. ತೀರಾ ಏರಿದ ಜೆವಿಪಿ ಕೈತಪ್ಪೋದು ಹೀಗೇ.

ಪ್ರಶ್ನೆ ಕೇಳಿದವರು:
ಹೊರಗಿನ ಜುಗುಲರ್ ಎದ್ದು ಕಾಣುತ್ತಲ್ಲ, ಅದರಲ್ಲೇ ಅಳೀಬಹುದಾ? ಹೊಟ್ಟೆ ಒತ್ತಿ ಜೆವಿಪಿ ಏರುತ್ತಾ ನೋಡುವ ಪರೀಕ್ಷೆಯನ್ನು ಎಷ್ಟು ಹೊತ್ತು ಮಾಡಬೇಕು?

ಉತ್ತರ 3:
ಹೊರಗಿನದರಲ್ಲಿ ಕವಾಟಗಳಿವೆ, ಪೊರೆಯನ್ನು ತೂರಿ ಒಳಹೋಗುವ ಕಡೆ ಮಡಚಿಕೊಳ್ಳೋದೂ ಉಂಟು. ಒತ್ತಡ ಏರದಿದ್ದರೂ ಉಬ್ಬಿ ನಿಲ್ಲುತ್ತೆ. ಉಸಿರಾಟದ ಜೊತೆ ಏರಿಳಿಯುತ್ತಿದ್ದರೆ ಸುಳಿವಾಗಿ ಇಟ್ಟುಕೊಳ್ಳಿ, ಆದರೆ ಅಳೆಯೋಕೆ ಬಲಗಡೆಯ ಒಳಗಿನ ಜುಗುಲರನ್ನೇ ನೆಚ್ಚಿಕೊಳ್ಳಿ.

ಹೊಟ್ಟೆ ಒತ್ತುವ ಮುಂಚೆ ನೋವಿದೆಯಾ ಕೇಳಿ. ಬಾಯಿ ತೆರೆದು ಸಹಜವಾಗಿ ಉಸಿರಾಡಲಿ. ಉಸಿರು ಬಿಗಿಹಿಡಿದರೆ ಜೆವಿಪಿ ಸುಳ್ಳೇ ಏರುತ್ತೆ. ಅಂಗೈಯನ್ನು ಹೊಟ್ಟೆಯ ನಡುವೆ ಇಟ್ಟು 10ರಿಂದ 15 ಸೆಕೆಂಡು ಒಂದೇ ಸಮ ಒತ್ತಿ. ಆರೋಗ್ಯವಂತರಲ್ಲಿ ಕೆಲವು ಬಡಿತ ಏರಿ ಮತ್ತೆ ಇಳಿಯುತ್ತೆ. ಏರಿದ್ದು ಇಳಿಯದೆ ನಿಂತು, ಕೈ ತೆಗೆದ ತಕ್ಷಣ ಸುಮಾರು 4 ಸೆಂ.ಮೀ. ಕುಸಿದರೆ ಪಾಸಿಟಿವ್: ಹೆಚ್ಚಾಗಿ ಬಂದ ರಕ್ತವನ್ನು ಬಲ ಹೃತ್ಕುಕ್ಷಿ ನಿಭಾಯಿಸುತ್ತಿಲ್ಲ.

ಇನ್ನೊಂದು: ಎರಡೂ ಕಡೆ ಅಭಿಧಮನಿಗಳು ತುಂಬಿ ನಿಂತಿವೆ, ಆದರೆ ಮಿಡಿತವೇ ಇಲ್ಲ, ಹೊಟ್ಟೆ ಒತ್ತಿದರೂ ಬದಲಾಗಲ್ಲ, ಮುಖ ಊದಿದೆ ಅನ್ನೋದಾದರೆ ಅದನ್ನು ಹೃದಯದ ವೈಫಲ್ಯದ ಲೆಕ್ಕಕ್ಕೆ ಹಾಕಬೇಡಿ. ಸುಪೀರಿಯರ್ ವೀನಾ ಕೇವಾ (ದೇಹದ ಮೇಲ್ಭಾಗದ ರಕ್ತವನ್ನು ಹೃದಯಕ್ಕೆ ತರುವ ದೊಡ್ಡ ಅಭಿಧಮನಿ) ಕಟ್ಟಿಕೊಂಡಿದೆಯಾ ನೋಡಿ, ಕೂಡಲೇ ಹಿರಿಯರಿಗೆ ತಿಳಿಸಿ.